ನಿಸ್ತಂತು ಜಾಲದ ನಾಮಕರಣವೂ ಪಾರಿಭಾಷಿಕ ಶಬ್ದಗಳೂ

ದೊಡ್ಡಬಳ್ಳಾಪುರದ ವಾಚನಾಲಯವೊಂದರಲ್ಲಿ ವೈಫೈ ಜಾಲವನ್ನು ಸ್ಥಾಪಿಸಿ, ಅದಕ್ಕೆ ಊರಿನ ಹೆಸರನ್ನೇ ಕನ್ನಡ ಲಿಪಿಯಲ್ಲಿ ಇಡಬಯಸಿದೆವೆಂದು ಭಾವಿಸೋಣ. ‘ದೊಡ್ಡಬಳ್ಳಾಪುರ’ ಎಂಬುದರಲ್ಲಿ ನಮ್ಮ ಎಣಿಕೆಗೆ ಆರೇ ಅಕ್ಷರಗಳು. ರೌಟರಿನ ತಂತ್ರಾಂಶವಾದರೋ ಹೆಸರಿನಲ್ಲಿ ೩೨ ಅಕ್ಷರಗಳವರೆಗೆ ಇರಬಹುದೆಂದು ಅಭಯವನ್ನಿತ್ತಿದೆ. ಆದರೂ ಆ ಹೆಸರು ಅಲ್ಲಿ ಹಿಡಿಸುವುದಿಲ್ಲ. ಅದೇ ಜಿಲ್ಲೆಯ ದೇವನಹಳ್ಳಿ, ಹೊಸಕೋಟೆ, ನೆಲಮಂಗಲಗಳಿಗೆ ಈ ತೊಡಕಿಲ್ಲವೆಂಬುದು ಮತ್ತೂ ವಿಚಿತ್ರ.

ಇದಕ್ಕೆ ಕಾರಣವು ‘ಅಕ್ಷರ’ವೆಂಬ ಒಂದು ಮಾತಿನಲ್ಲಿ ಅಡಗಿದೆ. ಇಂಥ ಜಾಲಗಳಿಗೆ ಆಧಾರವಾದ ಐಇಇಇ ೮೦೨.೧೧ ಎಂಬ ಮಾನಕವು ೧೯೯೭ರಲ್ಲಿ ಮೊದಲು ಪ್ರಕಟವಾಯಿತು. ಜಾಲದ ಹೆಸರನ್ನು ಅದು ‘ಎಸ್‌ಎಸ್‌ಐಡಿ’ ಎಂದು ಕರೆದು, ಅದರ ಗರಿಷ್ಠ ಪ್ರಮಾಣವನ್ನು ೩೨ ‘ಆಕ್ಟೆಟ್’ ಎಂದು ಗೊತ್ತುಮಾಡಿದೆ. ಆಕ್ಟೆಟ್ ಎಂದರೆ ಸೊನ್ನೆ ಒಂದುಗಳಿಂದಾದ ಎಂಟು ಅಂಕಗಳ ಕಟ್ಟು. ರೂಢಿಯಲ್ಲಿ ಬೈಟ್ ಎನ್ನುವುದೂ ಇದನ್ನೇ. ಮಾನಕವು ಎಣಿಸುವುದು ಈ ಕಟ್ಟುಗಳನ್ನೇ ಹೊರತು ಅಕ್ಷರಗಳನ್ನಲ್ಲ. ಇಂಗ್ಲಿಷಿನ ಒಂದೊಂದು ಅಕ್ಷರವೂ ಒಂದೊಂದು ಆಕ್ಟೆಟ್ಟಿನಲ್ಲಿ ಅಡಕವಾಗುವುದರಿಂದ, ತಂತ್ರಾಂಶ ರಚಿಸುವವರು ಮಾನಕದ ಶಬ್ದವನ್ನು ಬಿಟ್ಟು ‘ಅಕ್ಷರ’ವೆಂದು ಬರೆದರೂ ಅಲ್ಲಿ ಬಾಧಕವು ತೋರುವುದಿಲ್ಲ.

ಕನ್ನಡದ ಲೆಕ್ಕವೇ ಬೇರೆ. ಯೂನಿಕೋಡ್ ಪದ್ಧತಿಯಲ್ಲಿ ವ್ಯಂಜನ, ಸ್ವರಚಿಹ್ನೆ, ಹಲಂತ ಚಿಹ್ನೆ, ಇವೆಲ್ಲ ಪ್ರತ್ಯೇಕ ಸಂಕೇತಗಳು. ‘ಡ್ಡ’ ಎಂಬಲ್ಲಿ ಒಂದು ಡಕಾರ, ಒಂದು ಹಲಂತ, ಮತ್ತೊಂದು ಡಕಾರ, ಹೀಗೆ ಮೂರು. ಈ ರೀತಿ ಎಣಿಸಿದರೆ ದೊಡ್ಡಬಳ್ಳಾಪುರಕ್ಕೆ ೧೩ ಸಂಕೇತಗಳಾಗುತ್ತವೆ. ಯುಟಿಎಫ್-೮ ಎಂಬ ಪ್ರಚಲಿತ ಕ್ರಮದಲ್ಲಿ ಪ್ರತಿಯೊಂದು ಕನ್ನಡ ಸಂಕೇತಕ್ಕೂ ೩ ಆಕ್ಟೆಟ್ ಬೇಕು, ಒಟ್ಟು ೩೯. ದೇವನಹಳ್ಳಿಗೆ ೨೭, ಉಳಿದೆರಡು ಊರುಗಳಿಗೆ ತಲಾ ೨೧ ಸಾಕು. ಎಚ್ಚರವಿಲ್ಲದ ತಂತ್ರಾಂಶವು ೩೨ಕ್ಕೆ ಸರಿಯಾಗಿ ಕತ್ತರಿ ಹಾಕಿತೆನ್ನಿ: ‘ದೊಡ್ಡಬಳ್ಳಾ’ ಎಂಬಷ್ಟು ಉಳಿದು, ಪಕಾರದ ಮೂರು ತುಂಡುಗಳಲ್ಲಿ ಎರಡು ಮಾತ್ರ ಅದರ ಬಾಲಕ್ಕೆ ಅಂಟಿಕೊಂಡಿರುತ್ತವೆ. ಮೊಬೈಲಿನ ಪರದೆಯ ಮೇಲೆ ಆ ತುಂಡಿನ ಜಾಗದಲ್ಲಿ ಪ್ರಶ್ನಾರ್ಥಕವೋ ಖಾಲಿ ಚೌಕವೋ ಕಂಡೀತು.

‘ಜಾಲದ ಗುರುತು’ ಎಂಬ ಮಾತೂ ಇಷ್ಟೇ ಸಂದಿಗ್ಧವಾದುದು. ವಿಮಾನನಿಲ್ದಾಣದಂಥ ವಿಶಾಲ ಕಟ್ಟಡದಲ್ಲಿ ಅನೇಕ ಪ್ರಸಾರಯಂತ್ರಗಳು ಒಂದೇ ಎಸ್‌ಎಸ್‌ಐಡಿಯನ್ನು ಸಾರಬಲ್ಲವು. ಅವನ್ನು ಒಂದರಿಂದೊಂದು ಬೇರ್ಪಡಿಸುವುದು ೪೮ ಅಂಕಗಳ ‘ಬಿಎಸ್‌ಎಸ್‌ಐಡಿ’. ಎರಡಕ್ಕೂ ಒಂದೇ ಮಾತನ್ನು ಬಳಸಿ ಬರೆದ ತಂತ್ರಾಂಶವು, ಕಾರ್ಖಾನೆಯವರಿಟ್ಟ ಹೆಸರನ್ನೇ ಉಳಿಸಿಕೊಂಡ ಎರಡು ಅಂಗಡಿಗಳ ಜಾಲಗಳನ್ನು ಒಂದೇ ಎಂದು ಬಗೆಯುವ ಸಂಭವವುಂಟು.

ಪರದೆಯ ಮೇಲಿನ ಸೂಚನೆಗಳನ್ನು ಕನ್ನಡಿಸುವವರು ಆಕ್ಟೆಟ್ಟನ್ನು ಹಾಗೆಯೇ ಇರಿಸಲಿ, ಬೈಟ್ ಎಂದಾದರೂ ಅನ್ನಲಿ. ‘ಅಕ್ಷರ’ವೆಂದು ಮಾತ್ರ ಅನುವಾದಿಸಕೂಡದೆಂಬುದು ನಮ್ಮ ಅಭಿಪ್ರಾಯ. ನಮ್ಮ ವಾಚನಾಲಯದ ಮಟ್ಟಿಗೆ, ‘ದೊಡ್ಡ’ವನ್ನು ಕಳೆದು ‘ಬಳ್ಳಾಪುರ’ವೆಂದಿಟ್ಟರೆ ೨೪ರಲ್ಲೇ ಕೆಲಸವಾಗುವುದು. ಆದರೆ ನೆರೆಯ ಚಿಕ್ಕಬಳ್ಳಾಪುರದವರಿಗೂ ಸರಿಯಾಗಿ ೩೯ರ ಸಂಕಟವೇ ಇರುವುದರಿಂದ, ಆ ಹೆಸರಿಗೆ ಅವರೂ ಹಕ್ಕು ಸಾಧಿಸಿಯಾರು.