ಒತ್ತಕ್ಷರಕ್ಕೂ ಜಾಗ ಬೇಕು

ಈ ಸಲ ಕಾಲೇಜು ಕಾರ್ಯಕ್ರಮದ ಪೋಸ್ಟರ್ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಮೊಬೈಲ್‌ನಲ್ಲಿ ಮಿಂಚುತ್ತಿದ್ದ ನೀಲಿ, ಪ್ರಿಂಟ್ ಆಗಿ ಬಂದಾಗ ಮಂಕಾಗಿತ್ತು. ಅಂಗಡಿಯವರ ತಪ್ಪಲ್ಲ. ಪರದೆ ಕೆಂಪು, ಹಸಿರು, ನೀಲಿ ಬೆಳಕನ್ನು ಬೆರೆಸಿ ಬಣ್ಣ ತೋರಿಸುತ್ತದೆ (ಆರ್‌ಜಿಬಿ). ಮುದ್ರಣದಲ್ಲಿರುವುದು ಸಯಾನ್, ಮಜೆಂಟಾ, ಹಳದಿ, ಕಪ್ಪು ಶಾಯಿ (ಸಿಎಂವೈಕೆ). ಬೆಳಕಿನ ಹೊಳಪು ಶಾಯಿಗೆ ಬರುವುದಿಲ್ಲ.

ಅದನ್ನಾದರೂ ಸಹಿಸಬಹುದಿತ್ತು. ಉರ್ದುವಿನ ‘ಖುಷ್ ಆಮ್ದೀದ್’ ಉಲ್ಟಾ ಆಗಿ, ಅಕ್ಷರಗಳು ಬಿಡಿಬಿಡಿಯಾಗಿ ಬಿದ್ದಿದ್ದವು. ಅಮ್ಮಿ ನೋಡಿ ನಕ್ಕರು. ನನಗೆ ನಗು ಬರಲಿಲ್ಲ. ಉರ್ದು ಬಲದಿಂದ ಎಡಕ್ಕೆ, ಅಕ್ಷರ ಕೂಡಿಕೊಂಡು ಸಾಗುವ ಲಿಪಿ. ಇದನ್ನು ಅರಿಯದ ಸಾಫ್ಟ್‌ವೇರ್ ಹೀಗೆಯೇ ಒಡೆದುಹಾಕುತ್ತದೆ.

ಕನ್ನಡದ ಕಷ್ಟ ಬೇರೆ. ‘ವಿದ್ಯಾರ್ಥಿ’, ‘ಉತ್ಸವ’ ಬರೆದು ನೋಡಿ, ಒತ್ತು ಕೆಳಗಿಳಿಯುತ್ತದೆ. ಇಂಗ್ಲಿಷ್‌ಗೆ ಸಾಕಾಗುವ ಸಾಲಿನ ಅಂತರ ಇಟ್ಟರೆ ಅದು ಕೆಳಗಿನ ಸಾಲಿಗೆ ತಾಗುತ್ತದೆ. ಇಳಿಜಾರಾಗಿ ಸಾಗುವ ನಸ್ತಾಲಿಕ್‌ಗೆ ಇನ್ನೂ ಹೆಚ್ಚು ಜಾಗ ಬೇಕು. ಉಚಿತವಾಗಿ ಸಿಗುವ ‘ಬಲೂ ತಮ್ಮ’ ದಪ್ಪ ಫಾಂಟ್, ಶೀರ್ಷಿಕೆಗೆ ಚೆನ್ನ. ಸಣ್ಣ ಅಕ್ಷರಕ್ಕೆ ‘ನೋಟೋ ಸ್ಯಾನ್ಸ್ ಕನ್ನಡ’ ವಾಸಿ.

ನಾಮಫಲಕದಲ್ಲಿ ಶೇ. 60 ಕನ್ನಡ ಇರಬೇಕೆಂಬ ಕಾನೂನು 2024ರಲ್ಲಿ ಬಂತು. ಆದರೆ ಅಕ್ಷರ ದೊಡ್ಡದಾದರೆ ಸಾಲದು. ಕಮರ್ಷಿಯಲ್ ಸ್ಟ್ರೀಟ್‌ನಲ್ಲಿ ನಡೆಯುವಾಗ ಬೋರ್ಡ್‌ಗಳನ್ನು ಗಮನಿಸಿ: ಬಿಳಿಯ ಮೇಲಿನ ಹಳದಿ ಬಿಸಿಲಲ್ಲಿ ಮಾಯ, ಕಪ್ಪಿನ ಮೇಲಿನ ಹಳದಿ ದೂರದಿಂದಲೇ ಕಾಣುತ್ತದೆ. ವೆಬ್‌ಪುಟಗಳ ಮಾನದಂಡದಲ್ಲಿ ಸಾಮಾನ್ಯ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5:1 ವ್ಯತ್ಯಾಸ ಬೇಕು. ಅಳೆಯುವ ಉಚಿತ ಸಾಧನಗಳಿವೆ. ನಾನು ಪೋಸ್ಟರನ್ನು ಕಪ್ಪು-ಬಿಳುಪು ಮಾಡಿ ನೋಡುತ್ತೇನೆ, ಅಷ್ಟೇ.

ಮುಂದಿನ ಪೋಸ್ಟರ್ ಪಿಡಿಎಫ್ ಆಗಿ, ಮೊದಲು ಅಮ್ಮಿಯ ಕೈಗೆ, ಆಮೇಲೆ ಅಂಗಡಿಗೆ.