ಹಗುರ ಸೌಟಿನ ಬಲಾಬಲ

ತಿರುಮಕೂಡಲು ನರಸೀಪುರದ ಗುಂಜಾ ನರಸಿಂಹಸ್ವಾಮಿಯ ಕ್ಷೇತ್ರವು ಮಹಿಮೆಯಲ್ಲಿ ಕಾಶಿಗಿಂತ ಒಂದು ಗುಲಗಂಜಿಯಷ್ಟು ಹೆಚ್ಚು ತೂಗುತ್ತದೆಂಬುದು ಭಕ್ತರ ನಂಬಿಕೆ. ಅಕ್ಕಸಾಲಿಗರು ಚಿನ್ನ ತೂಗುತ್ತಿದ್ದುದೂ ಆ ಕಾಳಿನಿಂದಲೇ. ತೂಕ ಏರಿದಂತೆ ಬೆಲೆ ಏರುವುದು ಚಿನ್ನದ ಮಟ್ಟಿಗೆ ಸರಿ. ಆದರೆ ಅದೇ ಊರಿನ ಅಂಗಡಿಯಲ್ಲೋ ನಂಜನಗೂಡಿನ ದೊಡ್ಡ ಜಾತ್ರೆಯಲ್ಲೋ ಒಂದು ಸೌಟನ್ನು ಕೊಳ್ಳಲು ನಿಂತಾಗ ಈ ಅಳತೆಗೋಲು ನಮ್ಮನ್ನು ದಾರಿ ತಪ್ಪಿಸುತ್ತದೆ. ಅಂಗೈಯಲ್ಲಿಟ್ಟು ತೂಗಿ, ಭಾರವಿದ್ದರೆ ಗಟ್ಟಿ, ಹಗುರವಿದ್ದರೆ ಜಳ್ಳು ಎಂದು ತೀರ್ಮಾನಿಸುವವರೇ ಬಹಳ.

ಲೋಹದ ನಡತೆ ಬೇರೆ. ಸಮಗಾತ್ರದ ಅಲ್ಯೂಮಿನಿಯಂ ತೂಗುವುದು ಉಕ್ಕಿನ ಸುಮಾರು ಮೂರನೆಯ ಒಂದು ಭಾಗ. ಬಾಗದೆ ನಿಲ್ಲುವ ಬಿಗಿಯೂ ಹೆಚ್ಚುಕಡಿಮೆ ಅಷ್ಟೇ. ಆದರೆ ತಗಡಿನ ದಪ್ಪವನ್ನು ಇಮ್ಮಡಿಸಿದರೆ ಬಿಗಿ ಎಂಟು ಮಡಿಯಾಗುತ್ತದೆ. ಆದುದರಿಂದ ಉಕ್ಕಿನ ಹಿಡಿಗಿಂತ ಎರಡರಷ್ಟು ದಪ್ಪವಿರುವ ಅಲ್ಯೂಮಿನಿಯಂ ಹಿಡಿ ಅದಕ್ಕಿಂತ ಹಗುರವೂ ಹೌದು, ಬಿಗಿಯೂ ಹೌದು. ತೆಳುವಾದ ಉಕ್ಕಿನ ತಗಡಿಗೂ ಉದ್ದಕ್ಕೆ ಒಂದು ಏಣನ್ನು ಒತ್ತಿದರೆ, ಅಂಚನ್ನು ಮಡಿಸಿದರೆ ಬಲ ಬರುತ್ತದೆ. ಬಲವಿರುವುದು ಆಕಾರದಲ್ಲಿ.

ಪರೀಕ್ಷಿಸಬೇಕಾದುದು ಕುತ್ತಿಗೆಯನ್ನು. ಚಮಚ ಮುರಿಯುವುದು ಬಹುಮಟ್ಟಿಗೆ ಅಲ್ಲಿಯೇ. ಬಟ್ಟಲನ್ನು ಒಂದು ಕೈಯಲ್ಲಿ ಹಿಡಿದು, ಕುತ್ತಿಗೆಯ ಮೇಲೆ ಹೆಬ್ಬೆರಳನ್ನು ಮೆಲ್ಲನೆ ಒತ್ತಿ ಬಿಡಿ. ತುಸು ಬಳುಕಿ ಮೊದಲಿನ ಸ್ಥಿತಿಗೆ ಮರಳಿದರೆ ಕೊಳ್ಳಬಹುದು. ಬಾಗಿದಂತೆಯೇ ಉಳಿದರೆ ಬೇಡ. ಬಾಗಿದುದನ್ನು ತಿದ್ದಿ, ಮತ್ತೆ ಬಾಗಿಸಿ, ಮತ್ತೆ ತಿದ್ದುತ್ತಿದ್ದರೆ ಲೋಹ ಅದೇ ಜಾಗದಲ್ಲಿ ಬಿರುಕು ಬಿಡುತ್ತದೆ. (ಪರೀಕ್ಷೆಗೆ ಮುಂಚೆ ಅಂಗಡಿಯವರ ಅಪ್ಪಣೆ ಪಡೆಯುವುದು ಸೌಜನ್ಯ.)

ಕೆಲವರು ಅಯಸ್ಕಾಂತವನ್ನು ನಂಬುತ್ತಾರೆ. ನೂರಕ್ಕೆ ಹದಿನೆಂಟು ಕ್ರೋಮಿಯಂ, ಎಂಟು ನಿಕಲ್ ಬೆರೆತ ಉಕ್ಕು ಅದಕ್ಕೆ ಅಂಟುವುದಿಲ್ಲವೆಂಬುದು ಸಾಮಾನ್ಯವಾಗಿ ನಿಜ. ಆದರೆ ನಿಕಲ್ ಕಡಮೆ ಮಾಡಿ ಮ್ಯಾಂಗನೀಸ್ ಸೇರಿಸಿದ ಅಗ್ಗದ ಉಕ್ಕೂ ಅಂಟುವುದಿಲ್ಲ. ಅಂಟುವ ಕ್ರೋಮಿಯಂ ಉಕ್ಕು ತುಕ್ಕಿಗೆ ಸುಲಭವಾಗಿ ಸೋಲುವುದೂ ಇಲ್ಲ. ಬಲದ ವಿಷಯದಲ್ಲಂತೂ ಅಯಸ್ಕಾಂತ ಮೂಕ.

ಇನ್ನು ಮೌಲ್ಯ. ಫ್ರಾನ್ಸಿನ ಮೂರನೆಯ ನೆಪೋಲಿಯನ್ ಗಣ್ಯ ಅತಿಥಿಗಳಿಗೆ ಅಲ್ಯೂಮಿನಿಯಂ ಚಮಚಗಳನ್ನೂ ಉಳಿದವರಿಗೆ ಚಿನ್ನದವನ್ನೂ ಇಡಿಸುತ್ತಿದ್ದನೆಂಬ ಕಥೆಯಿದೆ. 1886ರಲ್ಲಿ ವಿದ್ಯುತ್ತಿನಿಂದ ಆ ಲೋಹವನ್ನು ಬೇರ್ಪಡಿಸುವ ವಿಧಾನ ದೊರೆತ ಮೇಲೆ ಬೆಲೆ ಕುಸಿಯಿತು. 1898ರಲ್ಲಿ ಮದರಾಸಿನ ಕಲಾಶಾಲೆಯಲ್ಲಿ ಅಲ್ಯೂಮಿನಿಯಂ ಪಾತ್ರೆಗಳ ತಯಾರಿಕೆಯನ್ನು ಆರಂಭಿಸಿದ ಆಲ್‌ಫ್ರೆಡ್ ಚಾಟರ್ಟನ್ ಮುಂದೆ ನಮ್ಮ ಮೈಸೂರು ಸಂಸ್ಥಾನದಲ್ಲಿ ಕೈಗಾರಿಕಾ ಇಲಾಖೆಯ ನಿರ್ದೇಶಕರಾಗಿದ್ದರು. ಚಕ್ರವರ್ತಿಯ ಮೇಜಿನ ಲೋಹ ಬಡವರ ಒಲೆಯ ಬಳಿಗೆ ಬಂದುದು ಹೀಗೆ. ಲೋಹದ ಬಲ ಅಷ್ಟೇ ಇತ್ತು, ಕುಸಿದದ್ದು ಪ್ರತಿಷ್ಠೆ.

ಹಾಗೆಂದು ಅಲ್ಯೂಮಿನಿಯಂ ಎಲ್ಲಕ್ಕೂ ಒದಗದು. ಹುಣಿಸೆಯ ಹುಳಿ ಅದನ್ನು ಕೊರೆಯುತ್ತದೆ; ಸಾರಿನಲ್ಲಿ, ಗೊಜ್ಜಿನಲ್ಲಿ ಆ ಸೌಟನ್ನು ಬಿಟ್ಟಿಡಬಾರದು. ಅಲ್ಲಿಗೆ ಉಕ್ಕೇ ಸರಿ. ನಂಜನಗೂಡು ರಸಬಾಳೆಯ ರಸಾಯನಕ್ಕೆ ಎಂಥ ತೆಳು ಚಮಚವಾದರೂ ಸಾಕು. ರಾಗಿಮುದ್ದೆ ತೊಳಸುವಾಗ ಮಾತ್ರ ಈ ಯಾವ ಲೋಹದ ಸೌಟನ್ನೂ ಮುಂದೆ ಮಾಡಬೇಡಿ. ಅಲ್ಲಿ ಮರದ ಕೋಲೇ ಬೇಕು.