ಗಣಕದ ದಾಸ್ತಾನು ಪುಸ್ತಕ

ಶಾಲೆಯ ಪ್ರಯೋಗಶಾಲೆಗೆ ಹೊಸ ಉಪಕರಣ ಬಂದಾಗ ಅದನ್ನು ದಾಸ್ತಾನು ಪುಸ್ತಕದಲ್ಲಿ ದಾಖಲಿಸಿದ ಮೇಲೆಯೇ ಬಳಕೆಗೆ ಕೊಡುವುದು ವಾಡಿಕೆ. ಹಾಗೆ ಬರೆದಿಟ್ಟ ವಸ್ತುವನ್ನು ಮಾತ್ರ ಮುಂದೆ ಕ್ರಮವಾಗಿ ಲೆಕ್ಕದಿಂದ ತೆಗೆಯಲು ಸಾಧ್ಯ. ಗಣಕಯಂತ್ರಕ್ಕೂ ಈ ನಿಯಮವೇ ಸಲ್ಲುತ್ತದೆ. ತಂತ್ರಾಂಶವನ್ನು ಸ್ಥಾಪಿಸುವುದು ಸುಲಭ. ಉಳಿದವುಗಳಿಗೆ ಧಕ್ಕೆಯಾಗದಂತೆ ಅದನ್ನು ತೆಗೆಯುವುದೇ ಕಠಿಣ.

ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ 1969ರಲ್ಲಿ ಹುಟ್ಟಿದ ಯುನಿಕ್ಸ್ ಪರಂಪರೆಯಲ್ಲಿ ಒಂದು ತಂತ್ರಾಂಶದ ಕಡತಗಳೆಲ್ಲವೂ ಒಂದೆಡೆ ಇರುವುದಿಲ್ಲ. ಕಾರ್ಯಕ್ರಮ ಒಂದು ಡೈರೆಕ್ಟರಿಯಲ್ಲಿ, ಅದಕ್ಕೆ ನೆರವಾಗುವ ಲೈಬ್ರರಿಗಳು ಇನ್ನೊಂದರಲ್ಲಿ, ವಿನ್ಯಾಸದ ಆಯ್ಕೆಗಳು ಮತ್ತೊಂದರಲ್ಲಿ ಸೇರುತ್ತವೆ. ಒಂದೇ ಲೈಬ್ರರಿಯನ್ನು ಹತ್ತಾರು ಕಾರ್ಯಕ್ರಮಗಳು ಹಂಚಿಕೊಳ್ಳುವುದೂ ಉಂಟು. ಹಿಂದೆ ಇವನ್ನೆಲ್ಲ ಕೈಯಾರೆ ಸ್ಥಾಪಿಸಿದವರು ತಾವೇ ಬರೆದಿಡದಿದ್ದರೆ, ಯಾವ ಕಡತ ಯಾವುದರದೆಂದು ಅನಂತರ ತಿಳಿಯುವಂತಿರಲಿಲ್ಲ.

ಈ ಕೊರತೆಯನ್ನು ನೀಗಿಸಿದ್ದು ಪ್ಯಾಕೇಜ್ ಪದ್ಧತಿ. 1993ರಲ್ಲಿ ಇಯಾನ್ ಮರ್ಡಾಕ್ ಆರಂಭಿಸಿದ ಡೆಬಿಯನ್ ಇದಕ್ಕೆ ಒಳ್ಳೆಯ ನಿದರ್ಶನ. ಲಿನಕ್ಸ್ ಆಧಾರಿತವಾದ, ಯುನಿಕ್ಸ್ ಮಾದರಿಯ ಈ ವ್ಯವಸ್ಥೆಯಲ್ಲಿ ಡಿಪಿಕೆಜಿ ಎಂಬ ಸಾಧನವು ಪ್ರತಿಯೊಂದು ಪ್ಯಾಕೇಜಿನ ಕಡತಗಳ ಪಟ್ಟಿಯನ್ನೂ ಅದು ಅವಲಂಬಿಸಿರುವ ಇತರ ಪ್ಯಾಕೇಜುಗಳ ಹೆಸರನ್ನೂ ದಾಖಲಿಸಿಡುತ್ತದೆ. ತೆಗೆಯುವಾಗ ಊಹೆಗೆ ಎಡೆಯಿಲ್ಲ, ಪಟ್ಟಿಯಂತೆ ನಡೆದರಾಯಿತು.

ಬೇರೊಂದು ಪ್ಯಾಕೇಜಿಗೆ ಆಧಾರವಾಗಿರುವುದನ್ನು ತೆಗೆಯಹೊರಟರೆ ಡಿಪಿಕೆಜಿ ಸಾಮಾನ್ಯವಾಗಿ ನಿರಾಕರಿಸುತ್ತದೆ. ಅದರ ಮೇಲೆ ನಿಂತು ಕೆಲಸಮಾಡುವ ಎಪಿಟಿಯಾದರೋ, ಅವಲಂಬಿಸಿದವುಗಳನ್ನೂ ಜೊತೆಗೆ ತೆಗೆಯುವುದಾಗಿ ಪಟ್ಟಿಕೊಟ್ಟು ಒಪ್ಪಿಗೆ ಕೇಳುತ್ತದೆ. ಈ ಪಟ್ಟಿಯನ್ನು ಓದದೆ ಒಪ್ಪುವುದೇ ಅನಾಹುತಕ್ಕೆ ಮೂಲ. 2021ರಲ್ಲಿ ಡೆಬಿಯನ್ ವಂಶದ ಪಾಪ್ ಓಎಸ್ ವ್ಯವಸ್ಥೆಯಲ್ಲಿ ಪ್ರಸಿದ್ಧ ವೀಡಿಯೊ ಪ್ರಸಾರಕರೊಬ್ಬರು ಸ್ಟೀಮ್ ಎಂಬ ಆಟಗಳ ತಂತ್ರಾಂಶವನ್ನು ಸ್ಥಾಪಿಸಲೆತ್ನಿಸಿದರು. ಪ್ಯಾಕೇಜುಗಳ ಹೊಂದಾಣಿಕೆಯಲ್ಲಿ ದೋಷವಿದ್ದುದರಿಂದ, ಪರದೆಯ ವ್ಯವಸ್ಥೆಯನ್ನೇ ತೆಗೆಯಬೇಕಾಗುವುದೆಂಬ ಎಚ್ಚರಿಕೆ ಮೂಡಿತು. ಅವರು ಒಪ್ಪಿಗೆಯ ವಾಕ್ಯವನ್ನು ಟೈಪು ಮಾಡಿದರು. ಕಿಟಕಿ, ಚಿತ್ರಗಳೆಲ್ಲ ಮಾಯವಾಗಿ ಬರಿಯ ಅಕ್ಷರಗಳ ಪರದೆ ಉಳಿಯಿತು. ಯಂತ್ರವು ಎಚ್ಚರಿಸಬಲ್ಲದು, ಓದಬೇಕಾದವನು ಮನುಷ್ಯ.

ತೆಗೆಯುವುದರಲ್ಲಿಯೂ ಎರಡು ಬಗೆಗಳಿವೆ. 'ರಿಮೂವ್' ಆಜ್ಞೆಯು ತಂತ್ರಾಂಶವನ್ನು ತೆಗೆದರೂ ವ್ಯವಸ್ಥೆಯ ವಿನ್ಯಾಸ ಕಡತಗಳನ್ನು ಉಳಿಸುತ್ತದೆ. ಮರುಸ್ಥಾಪಿಸಿದಾಗ ಹಳೆಯ ಆಯ್ಕೆಗಳು ಒದಗುತ್ತವೆ. 'ಪರ್ಜ್' ಆಜ್ಞೆಯು ಅವನ್ನೂ ಅಳಿಸುತ್ತದೆ. ಆದ್ದರಿಂದ ಅದಕ್ಕೆ ಮುನ್ನ ಬೇಕಾದುದರ ಪ್ರತಿ ತೆಗೆದಿಡುವುದು ವಿವೇಕ. ಒಂದರ ನೆರವಿಗೆಂದು ತಾನಾಗಿ ಬಂದು, ಈಗ ಯಾವುದಕ್ಕೂ ಬೇಡವಾದ ಪ್ಯಾಕೇಜುಗಳನ್ನು 'ಆಟೋರಿಮೂವ್' ಗುರುತಿಸಿ ತೆಗೆಯುತ್ತದೆ. ಇಲ್ಲಿಯೂ ಪಟ್ಟಿಯನ್ನು ಪರಿಶೀಲಿಸದೆ ಮುಂದುವರಿಯಲಾಗದು. ಏನನ್ನೂ ಬದಲಿಸದೆ, ಆಗುವುದನ್ನಷ್ಟೇ ಮುಂಚಿತವಾಗಿ ತೋರಿಸುವ 'ಸಿಮ್ಯುಲೇಟ್' ಎಂಬ ಸೌಲಭ್ಯವೂ ಎಪಿಟಿಯಲ್ಲಿದೆ.

ಈ ಲೆಕ್ಕವನ್ನು ಬದಿಗಿಟ್ಟು ಕಡತಗಳನ್ನು ಕೈಯಿಂದಲೇ ಅಳಿಸಿದರೆ, ವಸ್ತುವಿಲ್ಲದಿದ್ದರೂ ಪುಸ್ತಕದಲ್ಲಿ ಅದರ ಹೆಸರು ಉಳಿಯುತ್ತದೆ; ಅದನ್ನು ನಂಬಿದ ಇತರ ತಂತ್ರಾಂಶಗಳು ನಡುವೆಯೇ ನಿಲ್ಲುತ್ತವೆ. ದಾಸ್ತಾನು ಪುಸ್ತಕವನ್ನು ನೋಡಿ ತೆಗೆದದ್ದು ಕಪಾಟಿಗೆ ಜಾಗ ಮಾಡಿಕೊಡುತ್ತದೆ; ನೋಡದೆ ತೆಗೆದದ್ದು ನಾಳಿನ ಪಾಠವನ್ನೇ ನಿಲ್ಲಿಸಬಹುದು.